ಹೊಸ ಎಂಜಿನು ಎಣ್ಣೆ ಕುಡಿದಾಗ

ಹೊಸ ಮೋಟಾರು ಸೈಕಲ್ಲು ಮನೆಗೆ ಬಂದ ದಿನ ಅದಕ್ಕೆ ಹೂವಿನ ಹಾರ ಬೀಳುತ್ತದೆ; ಚಕ್ರದ ಕೆಳಗೆ ನಿಂಬೆಯ ಹಣ್ಣು ಇಡುವುದೂ ಮರೆತುಹೋಗುವುದಿಲ್ಲ. ಆದರೆ ಅನಂತರದ ಮೂರು ನಾಲ್ಕು ವಾರಗಳಲ್ಲಿ ಎಂಜಿನಿನ ಎಣ್ಣೆ ಎಷ್ಟಿದೆಯೆಂದು ನೋಡುವವರು ವಿರಳ. ಹಾಗೆ ನೋಡಿದ ಕೆಲವರಿಗೆ ಗಾಬರಿ ಕಾದಿರುತ್ತದೆ. ಮೇಲಿನ ಗೆರೆಯವರೆಗೆ ತುಂಬಿದ್ದ ಎಣ್ಣೆ ಕೆಳಗಿನ ಗೆರೆಯ ಸಮೀಪಕ್ಕೆ ಇಳಿದಿರುತ್ತದೆ. ಗಾಡಿ ನಿಲ್ಲಿಸಿದ ನೆಲದ ಮೇಲೆ ಒಂದು ತೊಟ್ಟೂ ಬಿದ್ದಿಲ್ಲ. ಹಾಗಾದರೆ ಎಣ್ಣೆ ಹೋದದ್ದೆಲ್ಲಿಗೆ?

ಈ ಪ್ರಶ್ನೆಗೆ ಜನರು ಎರಡು ಬಗೆಯ ಉತ್ತರ ಕೊಟ್ಟುಕೊಳ್ಳುವುದುಂಟು. ಯಂತ್ರವೇ ಕೆಟ್ಟದ್ದೆಂದು ತೀರ್ಮಾನಿಸಿ ಅಂಗಡಿಯವರೊಡನೆ ಜಗಳಕ್ಕೆ ನಿಲ್ಲುವವರು ಕೆಲವರು. ಹೊಸ ಗಾಡಿ ಎಣ್ಣೆ ಕುಡಿಯುವುದು ಸಹಜವೆಂದು ಯಾರೋ ಹೇಳಿದ ಮಾತನ್ನು ನಂಬಿ ಮತ್ತೆ ಆ ಕಡೆ ತಿರುಗಿಯೂ ನೋಡದವರು ಇನ್ನು ಕೆಲವರು. ಮೊದಲನೆಯವರಿಗೆ ನಷ್ಟವಾಗುವುದು ಮನಸ್ಸಿನ ನೆಮ್ಮದಿ ಮಾತ್ರ; ಎರಡನೆಯವರಿಗೆ ಎಂಜಿನೇ ನಷ್ಟವಾಗಬಹುದು.

ಎಣ್ಣೆ ಉರಿದು ಹೋಗುವುದು ಮೈಸೂರಿನ ಹಿರಿಯರಿಗೆ ಹೊಸ ಸಂಗತಿಯೇನಲ್ಲ. ಅಲ್ಲಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ 1996ರವರೆಗೆ ಹೊರಬಂದ ಜಾವಾ ಮತ್ತು ಯೆಜ್ಡಿ ಗಾಡಿಗಳು ಎರಡು ಹೊಡೆತದ ಎಂಜಿನಿನವು. ಅವುಗಳಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸುತ್ತಿದ್ದರು. ಅದು ಉರಿದು ನೀಲಿ ಹೊಗೆಯಾಗಿ ಹೋಗುವುದೇ ಅಲ್ಲಿಯ ಕ್ರಮ. ಇಂದಿನ ಗಾಡಿಗಳಲ್ಲಿ ಬಹುಪಾಲು ನಾಲ್ಕು ಹೊಡೆತದವು. ಇವುಗಳಲ್ಲಿ ಎಣ್ಣೆ ಎಂಜಿನಿನ ತಳದಲ್ಲಿ ಪ್ರತ್ಯೇಕವಾಗಿ ನಿಂತು, ಮೇಲೇರಿ ಇಳಿದು, ಅದೇ ಮತ್ತೆ ಮತ್ತೆ ಸುತ್ತಬೇಕು. ಉರಿಯುವ ಕೋಣೆಗೆ ಅದು ನುಗ್ಗದಂತೆ ತಡೆಯುವ ಕಾವಲುಗಾರರು ಪಿಸ್ಟನ್ನಿನ ಸುತ್ತಲಿರುವ ಲೋಹದ ಉಂಗುರಗಳು. ಸಾಮಾನ್ಯವಾಗಿ ಇವು ಮೂರು. ಮೇಲಿನ ಎರಡು ಉರಿಯುವ ಅನಿಲದ ಒತ್ತಡವನ್ನು ಹಿಡಿದಿಡುತ್ತವೆ. ಕೆಳಗಿನದು ಸಿಲಿಂಡರಿನ ಗೋಡೆಗೆ ಹತ್ತಿದ ಹೆಚ್ಚಿನ ಎಣ್ಣೆಯನ್ನು ಬಳಿದು ಕೆಳಕ್ಕೆ ತಳ್ಳುತ್ತದೆ.

ಹೊಸ ಎಂಜಿನಿನಲ್ಲಿ ಈ ಕಾವಲು ಇನ್ನೂ ಪೂರ್ಣವಾಗಿರುವುದಿಲ್ಲ. ಹೊಸ ರುಬ್ಬುವ ಕಲ್ಲನ್ನು ಉಳಿಯಿಂದ ಕುಟ್ಟಿಸಿ ಒರಟು ಮಾಡುವಂತೆ, ಕಾರ್ಖಾನೆಯಲ್ಲಿ ಸಿಲಿಂಡರಿನ ಒಳಗೋಡೆಯ ಮೇಲೆ ಅಡ್ಡಡ್ಡವಾಗಿ ಹೆಣೆದ ಅತಿ ಸೂಕ್ಷ್ಮ ಗೀರುಗಳನ್ನು ಉದ್ದೇಶಪೂರ್ವಕವಾಗಿಯೇ ಎಳೆದಿರುತ್ತಾರೆ. ಈ ಗೀರುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಅವುಗಳ ತುದಿಗಳು ಉಂಗುರದ ಅಂಚಿನೊಡನೆ ಉಜ್ಜಿ ಸವೆದು ಎರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಆ ಹೊಂದಿಕೆ ಕೂಡಿಬರುವವರೆಗೆ ಸಂದುಗಳಲ್ಲಿ ಉಳಿದ ಎಣ್ಣೆ ಸ್ವಲ್ಪ ಸ್ವಲ್ಪವಾಗಿ ಉರಿದುಹೋಗುತ್ತದೆ. ಮೊದಲ ಸಲ ಬದಲಾಯಿಸಿದ ಎಣ್ಣೆಯಲ್ಲಿ ಲೋಹದ ನವುರಾದ ಪುಡಿ ಮಿನುಗುವುದೂ ಈ ಸವೆತದಿಂದಲೇ. ರುಬ್ಬುವ ಕಲ್ಲಿನ ಮೊದಲ ಹಿಟ್ಟನ್ನು ಚೆಲ್ಲುವಂತೆ, ಈ ಮೊದಲ ಎಣ್ಣೆಯನ್ನೂ ತಯಾರಕರು ಹೇಳಿದ ಅವಧಿಗೆ ತಪ್ಪದೆ ತೆಗೆಯಬೇಕು.

ಹೊಂದಿಕೆ ಬೇಗ ಕೂಡಿಬರಬೇಕಾದರೆ ಸವಾರನ ಕೈಯೂ ಸಹಕರಿಸಬೇಕು. ಹೊಸ ಗಾಡಿಯನ್ನು ಎಷ್ಟು ಮೆಲ್ಲಗೆ ಓಡಿಸಿದರೆ ಅಷ್ಟು ಒಳ್ಳೆಯದೆಂಬ ನಂಬಿಕೆ ಅರ್ಧ ಸತ್ಯ ಮಾತ್ರ. ಉರಿಯುವ ಅನಿಲ ಉಂಗುರದ ಬೆನ್ನಿಗೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಎಂಜಿನಿಗೆ ಕೆಲಸವೇ ಇಲ್ಲದಿದ್ದರೆ ಆ ಒತ್ತಡವೂ ಇಲ್ಲ. ಆಗ ಬಾಣಲೆಯ ಅಂಚಿನಲ್ಲಿ ಸುಟ್ಟ ಎಣ್ಣೆ ಗಟ್ಟಿಯಾಗಿ ಹೊಳೆಯುವಂತೆ, ಸಿಲಿಂಡರಿನ ಗೋಡೆಯ ಮೇಲೂ ನುಣುಪಾದ ಲೇಪ ಬೆಳೆದು ಗೀರುಗಳನ್ನು ಮುಚ್ಚಿಬಿಡಬಹುದು. ಅಂತಹ ಎಂಜಿನು ಮುಂದೆಯೂ ಎಣ್ಣೆ ಕುಡಿಯುತ್ತಲೇ ಇರುತ್ತದೆ. ಹಾಗೆಂದು ಮೊದಲ ದಿನವೇ ಪೂರ್ಣ ವೇಗಕ್ಕೆ ಹಿಂಡಿದರೆ ಅತಿಯಾದ ಶಾಖದಿಂದ ಪಿಸ್ಟನ್ನು ಉಬ್ಬಿ ಕಚ್ಚಿಕೊಳ್ಳುವ ಅಪಾಯವಿದೆ. ಎಂಜಿನು ಹದವಾಗಿ ಬಿಸಿಯಾದ ಮೇಲೆ, ಕೈಪಿಡಿ ಸೂಚಿಸಿದ ಮಿತಿಯೊಳಗೆ, ವೇಗವನ್ನು ಏರಿಸುತ್ತ ಇಳಿಸುತ್ತ ಓಡಿಸುವುದೇ ಮಧ್ಯಮ ಮಾರ್ಗ. ನಿಂತಲ್ಲೇ ಬಹಳ ಹೊತ್ತು ಎಂಜಿನು ಓಡಿಸುವುದೂ, ಮೇಲಿನ ಗೇರಿನಲ್ಲಿ ಏದುಸಿರು ಬಿಡಿಸುತ್ತ ದಿಬ್ಬ ಹತ್ತಿಸುವುದೂ ಒಳ್ಳೆಯದಲ್ಲ.

ಚಿಕ್ಕ ಗಾಡಿಗಳು ಅನೇಕವು ಹಿಡಿಯುವ ಎಣ್ಣೆ ಸುಮಾರು ಒಂದು ಲೀಟರು. ಅದರಲ್ಲಿ 200 ಮಿಲಿಲೀಟರು ಕರಗಿದರೆ ಐದರಲ್ಲೊಂದು ಪಾಲೇ ಹೋದಂತಾಯಿತು. ಎಣ್ಣೆಯ ಕೆಲಸ ಜಾರಿಸುವುದು ಮಾತ್ರವಲ್ಲ; ಶಾಖವನ್ನು ಹೊತ್ತೊಯ್ಯುವುದೂ ಅದರದೇ ಹೊಣೆ. ಅದು ತೀರಾ ತಗ್ಗಿದಾಗ ಮೇಲ್ಭಾಗದ ಕ್ಯಾಮ್ ದಂಡಕ್ಕೂ, ಪಿಸ್ಟನ್ನಿಗೂ, ಬೇರಿಂಗುಗಳಿಗೂ ಕೇಡು ತಗಲುತ್ತದೆ. ಎಣ್ಣೆಯ ಬೆಲೆ ಕೆಲವು ನೂರು ರೂಪಾಯಿ. ಬಿಗಿದು ನಿಂತ ಎಂಜಿನಿನ ದುರಸ್ತಿಗೆ ಸಾವಿರಾರು. ಚಕ್ರ ತಿರುಗುತ್ತಿರುವಾಗಲೇ ಎಂಜಿನು ಕಚ್ಚಿಕೊಂಡರೆ ಸವಾರನ ಪ್ರಾಣಕ್ಕೂ ಸಂಚಕಾರ.

ಪರೀಕ್ಷೆಗೆ ಐದು ನಿಮಿಷ ಸಾಕು. ಸಮತಟ್ಟಾದ ನೆಲದಲ್ಲಿ ಗಾಡಿಯನ್ನು ನೆಟ್ಟಗೆ ನಿಲ್ಲಿಸಬೇಕು; ಪಕ್ಕಕ್ಕೆ ವಾಲಿಸಿ ನೋಡಿದರೆ ಅಳತೆ ಸುಳ್ಳಾಗುತ್ತದೆ. ಎಂಜಿನನ್ನು ನಿಲ್ಲಿಸಿ ಕೆಲವು ನಿಮಿಷ ಕಾದು, ಎಣ್ಣೆ ತಳಕ್ಕೆ ಇಳಿದ ಮೇಲೆ ನೋಡಬೇಕು. ಅಳತೆಕಡ್ಡಿಯನ್ನು ಮರೆಯಿಂದ ತಿರುಗಿಸಿ ನೋಡಬೇಕೋ, ಸುಮ್ಮನೆ ಇಳಿಬಿಟ್ಟು ನೋಡಬೇಕೋ ಎಂಬುದು ಒಂದೊಂದು ಗಾಡಿಗೆ ಒಂದೊಂದು ಬಗೆ. ಅದಕ್ಕೆ ಕೈಪಿಡಿಯೇ ಪ್ರಮಾಣ. ಕಡಿಮೆಯಿದ್ದರೆ ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನೇ ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ಕಾರಿನ ಎಣ್ಣೆಯಾದರೂ ಆದೀತೆಂದು ಸುರಿದರೆ, ಎಣ್ಣೆಯಲ್ಲೇ ಮುಳುಗಿರುವ ಕ್ಲಚ್ಚು ಜಾರುವ ಸಂಭವವುಂಟು. ಮೇಲಿನ ಗೆರೆ ದಾಟಿ ತುಂಬುವುದೂ ತಪ್ಪು; ಹೆಚ್ಚಾದ ಎಣ್ಣೆ ನೊರೆಗಟ್ಟಿ ಗಾಳಿಯ ಪೆಟ್ಟಿಗೆಗೆ ನುಗ್ಗುತ್ತದೆ.

ಇದೆಲ್ಲಕ್ಕಿಂತ ಉಪಯುಕ್ತವಾದದ್ದು ಒಂದು ಚಿಕ್ಕ ಪುಸ್ತಕ. ಎಷ್ಟು ಕಿಲೋಮೀಟರಿಗೆ ಎಷ್ಟು ಎಣ್ಣೆ ಸೇರಿಸಿದ್ದಾಯಿತೆಂದು ಅದರಲ್ಲಿ ಬರೆದಿಟ್ಟರೆ ಯಂತ್ರದ ಆರೋಗ್ಯ ತಾನಾಗಿ ಕಾಣುತ್ತದೆ. ಪ್ರತಿ 500 ಕಿಲೋಮೀಟರಿಗೂ ಲೆಕ್ಕ ಇಳಿಯುತ್ತ ಬಂದರೆ ಉಂಗುರಗಳು ಹೊಂದಿಕೊಳ್ಳುತ್ತಿವೆಯೆಂದು ಸಮಾಧಾನಪಡಬಹುದು. ಸಾವಿರಾರು ಕಿಲೋಮೀಟರು ಕಳೆದರೂ ಇಳಿಯದಿದ್ದರೆ, ಬಿಸಿಯಾದ ಎಂಜಿನಿನಿಂದ ನೀಲಿ ಹೊಗೆ ನಿಲ್ಲದೆ ಬಂದರೆ, ಅಥವಾ ಪ್ಲಗ್ಗು ಎಣ್ಣೆಯಿಂದ ಒದ್ದೆಯಾಗಿ ಕಪ್ಪಾಗಿದ್ದರೆ ಅದು ದೋಷವೇ ಸರಿ. ಆಗ ಖಾತರಿಯ ಅವಧಿ ಮುಗಿಯುವುದರೊಳಗೆ ಆ ಪುಸ್ತಕವನ್ನೇ ಹಿಡಿದು ಮಾರಾಟಗಾರರ ಬಳಿಗೆ ಹೋಗಬೇಕು. ಬಾಯಿಮಾತಿನ ದೂರಿಗಿಂತ ಬರೆದಿಟ್ಟ ಅಂಕಿಗೆ ಬೆಲೆ ಹೆಚ್ಚು.