ಹಾಡದಿದ್ದರೂ ಕರೆಂಟ್ ಎಳೆಯುತ್ತೆ!

ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಯಲ್ಲಿ ಕರೆಂಟ್ ಬಿಲ್ಲಿನ ಮಾತೇ ನಿಂತುಹೋಗಿತ್ತು. 2023ರ ಆಗಸ್ಟ್‌ನಿಂದ ಬರುತ್ತಿದ್ದದ್ದು ಸೊನ್ನೆ ಬಿಲ್. ಕಳೆದ ವರ್ಷ ಮತ್ತೆ ದುಡ್ಡು ಕಟ್ಟುವಂಥ ಬಿಲ್ ಬರತೊಡಗಿದಾಗ ಎಲ್ಲರ ಕಣ್ಣು ಹೋದದ್ದು ಅಮ್ಮನ ಹೊಲಿಗೆ ಮಷೀನ್ ಮೇಲೆ. ಪುಟ್ಟೇನಹಳ್ಳಿಯ ನಮ್ಮ ಬೀದಿಯವರಿಗೆ ಅಮ್ಮ ಬ್ಲೌಸ್ ಹೊಲಿದು, ಸೀರೆಗೆ ಫಾಲ್ಸ್ ಹಾಕಿಕೊಡುತ್ತಾರೆ. ‘ಮೋಟರ್ ಹಾಕಿಸಿದ್ದೇ ತಪ್ಪಾಯ್ತು’ ಎಂದು ಅಪ್ಪ ಗೊಣಗಿದರು. ಅಮ್ಮ ಏನೂ ಹೇಳದೆ ಮೋಟರ್ ಬಿಚ್ಚಿಟ್ಟು, ಮಂಡಿನೋವಿನಲ್ಲೇ ಕಾಲಲ್ಲಿ ತುಳಿದು ಹೊಲಿಯತೊಡಗಿದರು.

ಅದೇ ಕೋಣೆಯ ಷೋಕೇಸ್‌ನಲ್ಲಿ ಚಿಕ್ಕಪ್ಪ ಕೊಟ್ಟ ಸ್ಟೀರಿಯೊ ಆಂಪ್ಲಿಫೈಯರ್ ದಿನದ 24 ಗಂಟೆಯೂ ಆನ್ ಆಗಿರುತ್ತಿತ್ತು. ಅದರ ಮೇಲೆ ಯಾರಿಗೂ ಅನುಮಾನವಿಲ್ಲ, ಹಾಡೇ ಬರುತ್ತಿಲ್ಲವಲ್ಲ! ಕೊಡುವಾಗಲೇ ಚಿಕ್ಕಪ್ಪ ಹೇಳಿದ್ದರು: ‘ಆಫ್ ಮಾಡ್ಬೇಡ ಪುಟ್ಟಿ. ಆನ್-ಆಫ್ ಮಾಡಿದ್ರೆ ಬೇಗ ಹಾಳಾಗುತ್ತೆ. ಬಿಸಿ ಇದ್ರೇನೇ ಸೌಂಡ್ ಚೆಂದ.’

ಎಲೆಕ್ಟ್ರಾನಿಕ್ಸ್ ಬಿ.ಇ. ಓದುತ್ತಿರುವವಳು ನಾನು, ವಾದಕ್ಕಿಂತ ಅಳತೆ ವಾಸಿ ಅನ್ನಿಸಿತು. ಇದಕ್ಕೆ ಯಾವ ಉಪಕರಣವೂ ಬೇಡ, ಮನೆಯ ಮೀಟರ್ ಸಾಕು. ಡಿಜಿಟಲ್ ಮೀಟರ್‌ನಲ್ಲಿ ಮಿನುಗುವ ಪುಟ್ಟ ಕೆಂಪು ದೀಪವಿರುತ್ತದೆ. ಒಂದು ಯೂನಿಟ್‌ಗೆ ಅದು ಎಷ್ಟು ಸಲ ಮಿನುಗಬೇಕು ಎಂಬುದು ಪಕ್ಕದಲ್ಲೇ ಅಚ್ಚಾಗಿರುತ್ತದೆ. ನಮ್ಮದರಲ್ಲಿ 3200. ಫ್ರಿಜ್ಜೂ ಸೇರಿ ಎಲ್ಲವನ್ನೂ ಆಫ್ ಮಾಡಿ, ಆಂಪ್ಲಿಫೈಯರ್ ಒಂದನ್ನೇ ಹಾಡಿಲ್ಲದೆ ಬಿಟ್ಟು, ಮೊಬೈಲ್‌ನ ಸ್ಟಾಪ್‌ವಾಚ್ ಹಿಡಿದು ಮೆಟ್ಟಿಲ ಕೆಳಗೆ ನಿಂತೆ. 31 ಸೆಕೆಂಡಿಗೊಮ್ಮೆ ಮಿನುಗಿತು. ಲೆಕ್ಕ ಹಾಕಿದರೆ 36 ವ್ಯಾಟ್. ತಿಂಗಳಿಗೆ 26 ಯೂನಿಟ್!

ಅಮ್ಮನ ಮೋಟರ್ 100 ವ್ಯಾಟ್. ದಿನಕ್ಕೆ ಪೂರ್ತಿ ಮೂರು ಗಂಟೆ ಓಡಿದರೂ ತಿಂಗಳಿಗೆ 9 ಯೂನಿಟ್ ಅಷ್ಟೇ. ಸದ್ದು ಮಾಡುವುದರ ಮೇಲೆ ಆರೋಪ, ಸುಮ್ಮನಿರುವುದಕ್ಕೆ ಮರ್ಯಾದೆ.

ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತ ಎಂದುಕೊಂಡವರು ಇನ್ನೂ ಇದ್ದಾರೆ. ಹಾಗಲ್ಲ. 2022–23ರಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಎಷ್ಟಿತ್ತೋ ಅದರ ಮೇಲೆ ಸಾಮಾನ್ಯವಾಗಿ ಶೇ 10 ಸೇರಿಸಿ ಮಿತಿ ಹಾಕಿದ್ದಾರೆ. ದಾಟಿದರೆ ಹೆಚ್ಚುವರಿಗೆ ದುಡ್ಡು, 200 ದಾಟಿದರೆ ಪೂರ್ತಿ ಬಿಲ್. ನಮ್ಮ ಸರಾಸರಿ 84, ಮಿತಿ 92. ಆಗ ಆಂಪ್ಲಿಫೈಯರ್ ಇರಲಿಲ್ಲ. ಯೂನಿಟ್‌ಗೆ ಆರು ರೂಪಾಯಿ ಅಂದುಕೊಂಡರೂ 26 ಯೂನಿಟ್‌ಗೆ ತಿಂಗಳಿಗೆ 156 ರೂಪಾಯಿ, ಯಾರೂ ಕೇಳದ ಹಾಡಿಗೆ! ಮೋಟರ್ ಅವತ್ತೇ ಮಷೀನಿಗೆ ವಾಪಸ್ ಬಂತು.

ಹಾಗಂತ ಚಿಕ್ಕಪ್ಪನ ಮಾತು ಬರೀ ಮೂಢನಂಬಿಕೆಯಲ್ಲ, ಅದಕ್ಕೊಂದು ಇತಿಹಾಸವಿದೆ. 1946ರಲ್ಲಿ ಅಮೆರಿಕದಲ್ಲಿ ಲೋಕಕ್ಕೆ ತೋರಿಸಿದ ‘ಎನಿಯಾಕ್’ ಕಂಪ್ಯೂಟರ್‌ನಲ್ಲಿ ಸುಮಾರು 18 ಸಾವಿರ ವಾಲ್ವ್‌ಗಳಿದ್ದವು. ಅವು ಹೆಚ್ಚಾಗಿ ಕೈಕೊಡುತ್ತಿದ್ದದ್ದು ಆನ್ ಮಾಡಿ ಬಿಸಿಯಾಗುವಾಗ ಅಥವಾ ಆಫ್ ಮಾಡಿ ತಣ್ಣಗಾಗುವಾಗ. ಹಾಗಾಗಿ ಅದನ್ನು ಆದಷ್ಟೂ ಆಫ್ ಮಾಡುತ್ತಲೇ ಇರಲಿಲ್ಲ. ವಾಲ್ವ್ ರೇಡಿಯೊ ಕಾಲದವರಿಗೆ ಈ ಭಯ ಸಹಜ. ಆದರೆ ಮನೆಯ ವಾಲ್ವ್ ಸೆಟ್‌ಗೂ ಆಯಸ್ಸು ಇರುವುದು ಗಂಟೆಗಳ ಲೆಕ್ಕದಲ್ಲಿ, ಸುಮ್ಮನೆ ಉರಿಸಿದರೂ ಅದು ಸವೆಯುತ್ತದೆ.

ನಮ್ಮದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್. ಇದರಲ್ಲಿ ಮೊದಲು ಮುಪ್ಪಾಗುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಎಸ್.ಪಿ. ರೋಡಿನಲ್ಲಿ ಕೊಳ್ಳುವಾಗ ಅದರ ಮೈಮೇಲೆ 85 ಡಿಗ್ರಿ ಎಂದು ಬರೆದಿರುವುದನ್ನು ನೀವೂ ನೋಡಿರುತ್ತೀರಿ. ಅಂಥ ಒಂದು ಕೆಪಾಸಿಟರ್‌ಗೆ ಆ ಬಿಸಿಯಲ್ಲಿ 2000 ಗಂಟೆ ಆಯಸ್ಸು ಅಂದುಕೊಳ್ಳಿ. ಬಿಸಿ 10 ಡಿಗ್ರಿ ಇಳಿದಂತೆಲ್ಲ ಆಯಸ್ಸು ಇಮ್ಮಡಿಯಾಗುತ್ತದೆ ಎನ್ನುವುದು ಎಂಜಿನಿಯರ್‌ಗಳ ಅಂದಾಜು ಸೂತ್ರ. ಪೆಟ್ಟಿಗೆಯೊಳಗೆ 45 ಡಿಗ್ರಿ ಇದ್ದರೆ 32 ಸಾವಿರ ಗಂಟೆ. ಸದಾ ಆನ್ ಇಟ್ಟರೆ ಮೂರೂವರೆ ವರ್ಷ ಚಿಲ್ಲರೆ, ದಿನಕ್ಕೆ ಮೂರು ಗಂಟೆ ಮಾತ್ರವಾದರೆ 29 ವರ್ಷ. ಆನ್ ಮಾಡಿದ ಕ್ಷಣ ನುಗ್ಗುವ ಕರೆಂಟ್‌ನಿಂದ ಪೆಟ್ಟು ಬೀಳುವುದಿಲ್ಲವೆಂದಲ್ಲ. ದಿನಕ್ಕೆ ಒಂದೆರಡು ಸಲದ ಆ ಪೆಟ್ಟು ಈ ಬಿಸಿಯ ಮುಂದೆ ಸಣ್ಣದು.

ಇನ್ನು ನಮ್ಮೂರಿನ ಏಪ್ರಿಲ್–ಮೇ ಮಳೆ. ಗಾಳಿಗೆ ಕೊಂಬೆ ಬಿದ್ದು ಕರೆಂಟ್ ಹೋಗಿ ಬಂದು ಮಾಡುವಾಗ ಆನ್ ಇರುವ ಪೆಟ್ಟಿಗೆ ಎಷ್ಟು ಸಲ ಆನ್-ಆಫ್ ಆಗುತ್ತದೋ! ‘ಯಾವಾಗಲೂ ಆನ್’ ಎನ್ನುವುದು ಬೆಂಗಳೂರಿನಲ್ಲಿ ಹೇಗೂ ನಡೆಯದ ಮಾತು. ಗುಡುಗಿದರೆ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ಗನ್ನೇ ಕೀಳಬೇಕು. ಸ್ವಿಚ್ ಕತ್ತರಿಸುವುದು ಒಂದು ತಂತಿಯನ್ನು ಮಾತ್ರ. ಮತ್ತೆ ಹಾಕುವಾಗ ಮೊದಲು ರೇಡಿಯೊ, ಟಿವಿ, ಕೊನೆಗೆ ಆಂಪ್ಲಿಫೈಯರ್. ಆರಿಸುವಾಗ ತಿರುವುಮುರುವು. ಆಗ ಸ್ಪೀಕರ್ ‘ಧಡ್’ ಎನ್ನುವುದಿಲ್ಲ.

ಉಳಿದದ್ದು ಸೌಂಡಿನ ಪ್ರಶ್ನೆ. ಟ್ರಾನ್ಸಿಸ್ಟರ್‌ಗಳು ಹದಕ್ಕೆ ಬರಲು ಸ್ವಲ್ಪ ಹೊತ್ತು ಬೇಕು, ನಿಜ. ಆದರೆ ಅದು ನಿಮಿಷಗಳ ಮಾತು. ಯುಗಾದಿಗೆ ಚಿಕ್ಕಪ್ಪ ಬಂದಾಗ ಅಜ್ಜಿ 100.1ರ ಅಮೃತವರ್ಷಿಣಿ ಹಾಕಿಸಿಕೊಂಡಿದ್ದರು. ಚಿಕ್ಕಪ್ಪ ಇಡೀ ಕೃತಿ ಕೇಳಿ ತಲೆದೂಗಿದ ಮೇಲೆ, ‘ಆನ್ ಮಾಡಿ ಕಾಲು ಗಂಟೆ ಆಯ್ತಷ್ಟೇ ಚಿಕ್ಕಪ್ಪ’ ಎಂದೆ. ‘ಮೊದ್ಲೇ ಹೇಳಿದ್ರೆ ವ್ಯತ್ಯಾಸ ಗೊತ್ತಾಗಿರೋದು’ ಎಂದರು!

ಎಲ್ಲ ಪೆಟ್ಟಿಗೆಗೂ ಇಷ್ಟು ಹೆದರಬೇಕಿಲ್ಲ. ಐರೋಪ್ಯ ಒಕ್ಕೂಟ 2013ರಿಂದ ಸ್ಟ್ಯಾಂಡ್‌ಬೈಗೆ ಅರ್ಧ ವ್ಯಾಟ್ ಮಿತಿ ಹಾಕಿದೆ. ಅಂಥ ಸೌಂಡ್‌ಬಾರ್ ಸ್ಟ್ಯಾಂಡ್‌ಬೈನಲ್ಲಿ ತಿಂಗಳೆಲ್ಲ ಇದ್ದರೂ ಅರ್ಧ ಯೂನಿಟ್ ಆಗದು. ಮುಟ್ಟಿದರೆ ಬೆಚ್ಚಗಿರುವ ಹಳೆಯ ಪೆಟ್ಟಿಗೆಯನ್ನು ಅನುಮಾನಿಸಿ. ಕೆಲಸ ಹುಡುಕಲೆಂದು ಬಂದು ಗೆಳೆಯರ ಜೊತೆ ಬಾಡಿಗೆ ಮನೆ ಹಿಡಿದವರು ಮೊದಲು ಬಿಲ್ಲಿನಲ್ಲಿ ನಿಮ್ಮ ಮಿತಿ ನೋಡಿಕೊಳ್ಳಿ. ಹಳೆಯ ಬಳಕೆಯ ದಾಖಲೆಯಿಲ್ಲದ ಹೊಸ ಮನೆಗೆ ಸರಾಸರಿ 53 ಯೂನಿಟ್ ಎಂದು ಹಿಡಿದು, ಶೇ 10 ಸೇರಿಸಿ 58 ಕೊಡುತ್ತಾರೆ. ಆಂಪ್ಲಿಫೈಯರ್ ಒಂದಕ್ಕೇ 26 ಹೋದರೆ ಉಳಿಯುವುದು 32.