ಸಿಲಿಕಾ ಕಣದ ಹೊದಿಕೆಯೂ ಪ್ರೋಟೀನೂ

ಮರಳಿಗೂ ಗಾಜಿಗೂ ಮೂಲದ್ರವ್ಯವಾದ ಸಿಲಿಕಾವನ್ನು ಒಂದೇ ಅಳತೆಯ ಸೂಕ್ಷ್ಮ ಗುಂಡುಗಳಾಗಿ ತಯಾರಿಸುವ ವಿಧಾನವನ್ನು ಸ್ಟೋಬರ್ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದರು. ಇಂಥ ಕಣಗಳಲ್ಲಿ ಔಷಧವನ್ನು ತುಂಬಿ ರಕ್ತದ ಮೂಲಕ ರೋಗದ ನೆಲೆಗೆ ಕಳುಹಿಸಬಹುದೆಂಬ ಆಶಯದಿಂದ ಅನೇಕ ಸಂಶೋಧನೆಗಳು ನಡೆದಿವೆ. ಆದರೆ ರಕ್ತವನ್ನು ಸೇರಿದೊಡನೆ ಪ್ರೋಟೀನುಗಳು ಕಣವನ್ನು ಮುತ್ತಿಕೊಳ್ಳುತ್ತವೆ. ಅವುಗಳಲ್ಲಿ ಕೆಲವನ್ನು ಗುರುತು ಹಿಡಿದು ಭಕ್ಷಕಕೋಶಗಳು ಕಣವನ್ನೇ ನುಂಗಿಬಿಡುವುದರಿಂದ ಔಷಧವು ಗುರಿ ಮುಟ್ಟದೆ ಯಕೃತ್ತು, ಗುಲ್ಮಗಳಲ್ಲಿ ಸಂಗ್ರಹವಾಗುತ್ತದೆ.

ಇದು ಸ್ಪಂಜು ನೀರನ್ನು ಹೀರಿದಂತಲ್ಲ. ಅಣುಗಳು ಮೇಲ್ಮೈಯಲ್ಲಷ್ಟೇ ನೆಲೆಸುವ ಈ ಕ್ರಿಯೆಗೆ ಅಧಿಶೋಷಣೆ ಎಂದು ಹೆಸರು. ರಕ್ತದ ಪಿಎಚ್ ಸುಮಾರು 7.4. ಈ ಸ್ಥಿತಿಯಲ್ಲಿ ಸಿಲಿಕಾದ ಮೇಲ್ಮೈಯ ಹೈಡ್ರಾಕ್ಸಿಲ್ ಗುಂಪುಗಳ ಒಂದು ಭಾಗವು ಪ್ರೋಟಾನುಗಳನ್ನು ಬಿಟ್ಟುಕೊಟ್ಟು ಋಣ ವಿದ್ಯುದಂಶವನ್ನು ತಾಳುತ್ತದೆ. ಮೊಟ್ಟೆಯ ಬಿಳಿಯಲ್ಲಿರುವ ಲೈಸೊಜೈಮ್ ಇದೇ ಪಿಎಚ್‌ನಲ್ಲಿ ಧನಾಂಶವುಳ್ಳದ್ದಾದ್ದರಿಂದ ಬರಿಯ ಸಿಲಿಕಾಕ್ಕೆ ಬಲವಾಗಿ ಅಂಟುತ್ತದೆ. ಋಣಾಂಶವುಳ್ಳ ಆಲ್ಬುಮಿನ್ ಕೂಡ, ಕಡಮೆ ಪ್ರಮಾಣದಲ್ಲಾದರೂ, ಅಂಟದೆ ಬಿಡುವುದಿಲ್ಲ. ಆಕರ್ಷಣೆಯೊಂದೇ ಇದಕ್ಕೆ ಕಾರಣವಲ್ಲ. ಅಂಟಿದ ಪ್ರೋಟೀನಿನ ಮಡಿಕೆ ಸಡಿಲಗೊಂಡು ಅದು ಮೇಲ್ಮೈಯಲ್ಲಿ ಹರಡಿಕೊಂಡಂತೆ ಹಿಡಿತ ಬಿಗಿಯಾಗುತ್ತದೆ.

ಇದನ್ನು ತಡೆಯಲು ಪಾಲಿಮರಿನ, ಅಂದರೆ ಸರಪಳಿಯಂಥ ದೀರ್ಘಾಣುಗಳ, ಹೊದಿಕೆ ಬೇಕು. ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಯ ಒಂದು ತುದಿಯನ್ನು ಕಣಕ್ಕೆ ಬೆಸೆದರೆ ಉಳಿದ ಭಾಗ ನೀರಿನಲ್ಲಿ ತೂಗಾಡುತ್ತಿರುತ್ತದೆ. ಪ್ರೋಟೀನು ಹತ್ತಿರ ಬರಬೇಕಾದರೆ ಸರಪಳಿ ಕುಗ್ಗಬೇಕು, ಅದು ಹಿಡಿದಿಟ್ಟ ನೀರು ತೊಲಗಬೇಕು. ಎರಡಕ್ಕೂ ಶಕ್ತಿ ವ್ಯಯವಾಗುತ್ತದೆ. ಸರಪಳಿಗಳು ವಿರಳವಾಗಿದ್ದಲ್ಲಿ ಅಣಬೆಗಳಂತೆ ಮುದುಡಿ ಕುಳಿತು ನಡುವೆ ಬಯಲು ಬಿಡುತ್ತವೆ. ಲೈಸೊಜೈಮಿನಂಥ ಸಣ್ಣ ಪ್ರೋಟೀನು ಅಲ್ಲಿ ನುಸುಳುತ್ತದೆ. ಒತ್ತಾಗಿದ್ದಲ್ಲಿ ಭತ್ತದ ಸಸಿಮಡಿಯಂತೆ ನೆಟ್ಟಗೆ ನಿಲ್ಲುತ್ತವೆ. ಆದುದರಿಂದ ಕಣಕ್ಕೆ ಹೊದಿಕೆಯುಂಟೆಂದು ಹೇಳಿದರೆ ಸಾಲದು, ಅದರ ಒತ್ತೆಷ್ಟೆಂಬುದನ್ನೂ ಹೇಳಬೇಕು. ತೀರ ಉದ್ದವಾದ ಸರಪಳಿಗಳು ಬೆಸೆಯುವಾಗಲೇ ಒಂದಕ್ಕೊಂದು ಅಡ್ಡಬರುವುದರಿಂದ ಈ ಒತ್ತನ್ನು ಸಾಧಿಸುವುದು ಸುಲಭವಲ್ಲ. ಎಲ್ಲ ಪಾಲಿಮರುಗಳೂ ಕಾವಲುಗಾರರಲ್ಲವೆಂಬುದೂ ಗಮನಾರ್ಹ. ಧನಾಂಶವುಳ್ಳ ಪಾಲಿಎಥಿಲೀನ್‌ಇಮೀನ್ ಹೊದಿಸಿದರೆ ಅದೇ ಆಲ್ಬುಮಿನ್ ಧಾವಿಸಿ ಬಂದು ಅಂಟುತ್ತದೆ.

ಪ್ರೋಟೀನು ಸ್ವಲ್ಪವೂ ಅಂಟದಿರುವುದೇ ಪರಮಗುರಿಯೆಂಬ ಭಾವನೆ ಬಹುಕಾಲ ಇತ್ತು. ಜರ್ಮನಿಯ ಮೈನ್ಸ್ ನಗರದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಫಲಿತಾಂಶ ಅದನ್ನು ಅಲುಗಾಡಿಸಿತು. ಅವರು ಬಳಸಿದ್ದು ಸಿಲಿಕಾವನ್ನಲ್ಲ, ಪಾಲಿಸ್ಟೈರೀನ್ ಕಣಗಳನ್ನು. ಹೊದಿಕೆ ಮಾತ್ರ ಇದೇ ಗ್ಲೈಕಾಲ್. ಪ್ರೋಟೀನುಗಳ ಸಂಪರ್ಕವೇ ಇಲ್ಲದಿದ್ದಾಗ ಭಕ್ಷಕಕೋಶಗಳು ಹೊದಿಕೆಯುಳ್ಳ ಕಣಗಳನ್ನೂ ನುಂಗಿದವು. ರಕ್ತದ ಕ್ಲಸ್ಟರಿನ್ ಎಂಬ ಪ್ರೋಟೀನು ಹೊದಿಕೆಯ ಮೇಲೆ ನೆಲೆಸಿದಾಗ ನುಂಗುವುದು ಬಹುಮಟ್ಟಿಗೆ ತಗ್ಗಿತು.