ಚೊಚ್ಚಲ ಹೆರಿಗೆಯ ಗಾಯವನ್ನು ತಗ್ಗಿಸುವ ದೇಹಸಿದ್ಧತೆ: ಗ್ರಾಮ ಪಂಚಾಯತಿ ಸದಸ್ಯರ ಅವಗಾಹನೆಗೆ

ದೇವದುರ್ಗ ಹಾಗೂ ಮಾನವಿ ತಾಲ್ಲೂಕುಗಳ ಗ್ರಾಮಗಳಲ್ಲಿ ಚೊಚ್ಚಲ ಗರ್ಭಿಣಿಗೆ ಕುಬಸ ಮಾಡಿ ತವರಿಗೆ ಕಳುಹಿಸುವುದು ರೂಢಿ. ತಾಯಿ ಕಾರ್ಡ್ ಆಕೆಯ ಜೊತೆಗೆ ಹೋದರೂ, ಆಕೆಯನ್ನು ಮೊದಲಿನಿಂದ ಬಲ್ಲ ಆಶಾ ಕಾರ್ಯಕರ್ತೆ ಗಂಡನ ಊರಿನಲ್ಲಿಯೇ ಉಳಿಯುತ್ತಾರೆ. ಹೆರಿಗೆಯ ಗಾಯವನ್ನು ತಗ್ಗಿಸಲು ದೇಹವನ್ನು ಸಿದ್ಧಗೊಳಿಸುವ ಕಾಲವಾದರೋ ಸರಿಯಾಗಿ ಈ ನಡುವಿನ ವಾರಗಳಲ್ಲಿಯೇ ಬರುತ್ತದೆ.

ಶಿಶುವಿನ ತಲೆ ಹೊರಬರುವಾಗ ಯೋನಿದ್ವಾರ ಮತ್ತು ಗುದದ್ವಾರಗಳ ನಡುವಿನ ಭಾಗವು ಬಹಳವಾಗಿ ಹಿಗ್ಗಬೇಕಾಗುತ್ತದೆ. ಮೊದಲ ಹೆರಿಗೆಯಲ್ಲಿ ಅದು ಹರಿಯುವುದು ಸಾಮಾನ್ಯ. ವೈದ್ಯರು ಇದನ್ನು ನಾಲ್ಕು ಹಂತಗಳಾಗಿ ಗುರುತಿಸುತ್ತಾರೆ. ಚರ್ಮ ಮಾತ್ರ ಹರಿದರೆ ಮೊದಲನೆಯದು, ಒಳಗಿನ ಸ್ನಾಯುವೂ ಹರಿದರೆ ಎರಡನೆಯದು. ಮಲವನ್ನು ತಡೆಹಿಡಿಯುವ ಸ್ನಾಯುವಿಗೆ ಪೆಟ್ಟಾದರೆ ಮೂರನೆಯದು. ಗುದನಾಳದ ಒಳಪದರಕ್ಕೂ ತಲುಪಿದರೆ ನಾಲ್ಕನೆಯದು. ಕೊನೆಯ ಎರಡನ್ನು ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅನುಭವಿ ವೈದ್ಯರೇ ಹೊಲಿಯಬೇಕು. ಅದು ಗಮನಕ್ಕೆ ಬಾರದೆ ಉಳಿದರೆ ಮಹಿಳೆಗೆ ಮಲ, ವಾಯುಗಳ ಮೇಲೆ ಹಿಡಿತ ತಪ್ಪಬಹುದು. ಹೊಲದ ಕೆಲಸಕ್ಕೂ ಮದುವೆ ಮನೆಗೂ ಹೋಗಲಾಗದೆ, ಯಾರಿಗೂ ಹೇಳಲಾಗದೆ ಆಕೆ ಒಳಗೇ ಕುಗ್ಗುತ್ತಾಳೆ. ರಕ್ತಹೀನತೆ ಇರುವವರಿಗೆ ಗಾಯದಿಂದಾಗುವ ರಕ್ತಸ್ರಾವವೂ ಭಾರವೇ. ಆದ್ದರಿಂದ ಗರ್ಭಾವಸ್ಥೆಯಲ್ಲಿ ಕನಿಷ್ಠ 180 ದಿನ ಕಬ್ಬಿಣಾಂಶದ ಮಾತ್ರೆ ಸೇವಿಸುವುದು ಈ ಸಿದ್ಧತೆಯ ಮೊದಲ ಭಾಗ.

ಎರಡನೆಯದು ಎಣ್ಣೆಯ ಮಾಲೀಸು. ಸುಮಾರು 35ನೇ ವಾರದಿಂದ, ಅಂದರೆ ಎಂಟು ತಿಂಗಳು ತುಂಬಿದ ಬಳಿಕ, ವಾರಕ್ಕೆ ಒಂದೆರಡು ಬಾರಿ ಐದರಿಂದ ಹತ್ತು ನಿಮಿಷ ಮಾಡಿದರೆ ಸಾಕು. ಗರ್ಭಿಣಿಯು ಉಗುರು ಕತ್ತರಿಸಿ, ಕೈಯನ್ನು ಸಾಬೂನಿನಿಂದ ತೊಳೆದು, ಶುದ್ಧ ಕೊಬ್ಬರಿ ಎಣ್ಣೆ ಸವರಿದ ಹೆಬ್ಬೆರಳನ್ನು ಯೋನಿಯೊಳಗೆ ಮೂರು ನಾಲ್ಕು ಸೆಂಟಿಮೀಟರ್ ಇರಿಸಿ, ಕೆಳಕ್ಕೂ ಎರಡೂ ಪಕ್ಕಕ್ಕೂ ಮೆಲ್ಲಗೆ ಒತ್ತಬೇಕು. ಸ್ವಲ್ಪ ಬಿಗಿತ ಅನಿಸಬಹುದು, ನೋವಾಗಬಾರದು. ಇದರ ಫಲವನ್ನು ಹಿಗ್ಗಿಸಿ ಹೇಳುವುದು ಬೇಡ: ಅಧ್ಯಯನಗಳ ಒಟ್ಟು ಲೆಕ್ಕದಂತೆ ಸುಮಾರು 15 ಮಂದಿ ಮಾಡಿಕೊಂಡರೆ ಒಬ್ಬರಿಗೆ ಹೊಲಿಗೆ ತಪ್ಪುತ್ತದೆ, ಅದೂ ಮುಖ್ಯವಾಗಿ ಚೊಚ್ಚಲ ಹೆರಿಗೆಯವರಲ್ಲಿ. ಖರ್ಚಿಲ್ಲದ ಕ್ರಮಕ್ಕೆ ಇದು ಕಡಿಮೆ ಫಲವೇನಲ್ಲ.

ರಕ್ತಸ್ರಾವ, ಸೋಂಕು ಅಥವಾ ಬಿಳಿಸೆರಗು ಇರುವವರು, ನೀರು ಒಡೆದವರು, ಮಾಸು ಕೆಳಗಿದೆಯೆಂದು ಸ್ಕ್ಯಾನಿಂಗ್‌ನಲ್ಲಿ ಕಂಡವರು ಇದನ್ನು ಮಾಡಕೂಡದು. ಹೀಗಾಗಿ ವೈದ್ಯರನ್ನು ಕೇಳಿಯೇ ಆರಂಭಿಸಬೇಕು; ಪ್ರತಿ ತಿಂಗಳ 9ರಂದು ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ನಡೆಯುವ ತಪಾಸಣೆ ಇದಕ್ಕೆ ತಕ್ಕ ಸಂದರ್ಭ.

ಉಳಿದ ಸಿದ್ಧತೆ ಹೆರಿಗೆ ಕೊಠಡಿಗೆ ಸೇರಿದ್ದು. ತಲೆ ಕಾಣುವ ಹೊತ್ತಿನಲ್ಲಿ ಬೆಚ್ಚಗಿನ ಬಟ್ಟೆಯ ಶಾಖ ಕೊಡುವುದು, ಆ ಭಾಗಕ್ಕೆ ಕೈಯ ಆಧಾರ ನೀಡುವುದು, ಮಗು ನಿಧಾನವಾಗಿ ಹೊರಬರುವಂತೆ ನೋಡಿಕೊಳ್ಳುವುದು ಗಾಯವನ್ನು ತಗ್ಗಿಸುತ್ತವೆ. ಎಲ್ಲರಿಗೂ ವಾಡಿಕೆಯಂತೆ ಕತ್ತರಿ ಹಾಕುವುದನ್ನೂ, ಹೊಟ್ಟೆಯ ಮೇಲೆ ಒತ್ತಿ ಮಗುವನ್ನು ತಳ್ಳುವುದನ್ನೂ ವಿಶ್ವ ಆರೋಗ್ಯ ಸಂಸ್ಥೆಯ 2018ರ ಮಾರ್ಗಸೂಚಿ ಒಪ್ಪುವುದಿಲ್ಲ. ಗರ್ಭಕೊರಳು ಪೂರ್ತಿ ತೆರೆಯುವ ಮುನ್ನವೇ ‘ಮುಕ್ಕು, ಮುಕ್ಕು’ ಎಂದು ಅವಸರಿಸುವ ಹಿರಿಯರಿಗೂ ಇದನ್ನು ತಿಳಿಸಬೇಕಾಗಿದೆ. 2017ರ ಲಕ್ಷ್ಯ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ವೇಳೆ ಮಹಿಳೆಯೊಬ್ಬರು ಜೊತೆಗಿರಲು ಅವಕಾಶವಿದೆ. ತಾಯಿಯೋ ಅತ್ತೆಯೋ ಜೊತೆಗೆ ಹೋಗುವುದಾದರೆ ಈ ಸಂಗತಿಗಳನ್ನು ಅವರಿಗೂ ಮೊದಲೇ ಹೇಳಿರಬೇಕು.

ಪಂಚಾಯತಿಯ ಪಾತ್ರ ಇಲ್ಲಿದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ದಿನದಂದು ಅಂಗನವಾಡಿಯ ಒಂದೇ ಕೋಣೆಯಲ್ಲಿ ಮಕ್ಕಳು, ಅಜ್ಜಿಯರು ಎಲ್ಲರೂ ಕುಳಿತಿರುವಾಗ ಇಂತಹ ಮಾತನ್ನು ಯಾವ ಸಹಾಯಕಿಯೂ ಆಡಲಾರರು. ಒಂದು ಪರದೆ, ಒಂದು ಮಂಚ, ಬಾಗಿಲಿಗೆ ಅಗುಳಿ ಬೇಕು. ಗ್ರಾಮ ಆರೋಗ್ಯ ಸಮಿತಿಯ ಅನಿರ್ಬಂಧಿತ ಅನುದಾನದಿಂದ ಇವುಗಳನ್ನು ಒದಗಿಸುವ ಕುರಿತು ಸಮಿತಿಯಲ್ಲಿರುವ ಸದಸ್ಯರು ಮುಂದಿನ ಸಭೆಯಲ್ಲಿ ವಿಷಯ ಮಂಡಿಸಬಹುದು.

ಕುಬಸದ ದಿನ ಗೊತ್ತಾದ ಕೂಡಲೇ ಗಂಡನ ಊರಿನ ಆಶಾ ಕಾರ್ಯಕರ್ತೆಯು ತವರೂರಿನ ಆಶಾ ಕಾರ್ಯಕರ್ತೆಗೆ ದೂರವಾಣಿ ಮೂಲಕ ತಿಳಿಸುವಂತೆ ವಾರ್ಡ್ ಸದಸ್ಯರು ನೋಡಿಕೊಳ್ಳಬೇಕು. ಬೆಂಗಳೂರಿನ ಕಟ್ಟಡ ಕೆಲಸದಿಂದ ಹೆರಿಗೆಗೆಂದು ಊರಿಗೆ ಮರಳುವವರ ಹೆಸರೂ ಆ ಪಟ್ಟಿಗೆ ಸೇರಲಿ. ಹೆರಿಗೆಯ ನಂತರದ ಆರು ವಾರಗಳ ಮನೆಭೇಟಿಯಲ್ಲಿ ‘ಹೊಲಿಗೆ ಮಾಯ್ದಿದೆಯೇ’ ಎಂದಷ್ಟೇ ಅಲ್ಲದೆ ‘ಮಲ, ವಾಯು ತಡೆಯಲಾಗುತ್ತಿದೆಯೇ’ ಎಂದೂ ಕೇಳಬೇಕು. ಇಲ್ಲವೆಂದವರನ್ನು ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಿದ್ದಲ್ಲಿ ರಾಯಚೂರು ನಗರದ ರಿಮ್ಸ್ ಆಸ್ಪತ್ರೆಗೆ ಕಳುಹಿಸತಕ್ಕದ್ದು.